ರೀಬಾಂಡಿಂಗ್, ಕೆರಾಟಿನ್, ಬಣ್ಣ ಆದ ಮೇಲೆ: ಮುಂಬಯಿಯ ನೀರು-ಗಾಳಿಯಲ್ಲಿ ಕೂದಲ ಆರೈಕೆಗೆ ಯಾವುದನ್ನು ಆರಿಸಬೇಕು?

ಮುಂಬಯಿಯ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಕನ್ನಡಿಗರ ಮನೆಗಳಲ್ಲಿ ಮೇ ತಿಂಗಳ ಮದುವೆಗಳು ಮುಗಿದ ಮೇಲೆ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ. ಊರಿಗೆ ಹೊರಡುವ ಮೊದಲು ಕೂದಲನ್ನು ನೇರ ಮಾಡಿಸಿಕೊಂಡವರು, ಬಣ್ಣ ಹಾಕಿಸಿಕೊಂಡವರು ಹಿಂತಿರುಗುವ ಹೊತ್ತಿಗೆ ಜೂನ್ ಎರಡನೆಯ ವಾರ ಬಂದಿರುತ್ತದೆ, ಮಳೆ ಹಿಡಿದಿರುತ್ತದೆ, ಬಾಚಣಿಗೆಯ ತುಂಬ ಕೂದಲು ಬರತೊಡಗಿರುತ್ತದೆ. ಯಾವ ಎಣ್ಣೆ ಒಳ್ಳೆಯದು, ಶಾಂಪೂ ಬದಲಾಯಿಸಬೇಕೇ, ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗಬಹುದೇ ಎಂದು ಕೇಳುತ್ತಾರೆ. ಹತ್ತು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಎಲ್ಲರೂ ಒಂದೊಂದು ಸೀಸೆಯ ಹೆಸರು ಹೇಳಿದರೇ ಹೊರತು, ಕೂದಲು ಉದುರುತ್ತಿದೆಯೋ ಮುರಿಯುತ್ತಿದೆಯೋ ಎಂದು ಯಾರೂ ವಿಚಾರಿಸಲಿಲ್ಲ. ಮುಂದಿನ ಆಯ್ಕೆಗಳೆಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ.

ಅದನ್ನು ತಿಳಿಯುವುದು ಸುಲಭ. ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಉದ್ದವಿದ್ದು, ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಂಟು ಕಂಡರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಸಹಜ. ಗಂಟಿಲ್ಲದ ತುಂಡುಗಳೇ ಹೆಚ್ಚಾಗಿದ್ದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ. ರಾಸಾಯನಿಕ ಹಾಕಿಸಿಕೊಂಡವರಲ್ಲಿ ಹೆಚ್ಚಿನವರದು ಈ ಎರಡನೆಯ ತೊಂದರೆ. ನೆತ್ತಿಯಿಂದ ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರಿನಷ್ಟು ಬೆಳೆಯುತ್ತಲೇ ಇರುತ್ತದೆ, ಆದರೆ ತುದಿಯಲ್ಲಿ ಅಷ್ಟೇ ಮುರಿದು ಹೋಗುವುದರಿಂದ ಬೆಳವಣಿಗೆ ನಿಂತಂತೆ ಕಾಣುತ್ತದೆ. 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ನಾಲ್ಕೈದು ವರ್ಷಗಳ ವಯಸ್ಸಾಗಿರುತ್ತದೆ. ಅದಕ್ಕೆ ರಕ್ತವೂ ಇಲ್ಲ, ನರವೂ ಇಲ್ಲ; ರೇಷ್ಮೆ ಸೀರೆಯ ಸವೆದ ಅಂಚು ತಾನಾಗಿ ಕೂಡಿಕೊಳ್ಳದಂತೆ ಸೀಳಿದ ಕೂದಲೂ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ನೆತ್ತಿಯ ಲೆಕ್ಕವನ್ನೂ ಉದ್ದದ ಲೆಕ್ಕವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಉದ್ದಕ್ಕೆ ಹಚ್ಚುವ ವಸ್ತುವಿನಿಂದ ಬೆಳವಣಿಗೆಯನ್ನೂ, ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆಯಿಂದ ಸೀಳುತುದಿಯ ರಿಪೇರಿಯನ್ನೂ ನಿರೀಕ್ಷಿಸುವುದು ಹಣ ಕಳೆದುಕೊಳ್ಳುವ ದಾರಿ.

ನಿಮ್ಮ ಕೂದಲಿಗೆ ಆಗಿರುವುದೇನು

ಪಾರ್ಲರಿನ ದರಪಟ್ಟಿಯಲ್ಲಿ ಅಕ್ಕಪಕ್ಕ ಕೂತಿರುವ ಹೆಸರುಗಳು ಕೂದಲೊಳಗೆ ಮಾಡುವ ಕೆಲಸ ಒಂದೇ ಅಲ್ಲ. ರೀಬಾಂಡಿಂಗ್‌ನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಇರುವ ಕ್ರೀಮು ಕೂದಲಿನ ಪ್ರೋಟೀನಿನಲ್ಲಿರುವ ಗಂಧಕದ ಬಂಧಗಳನ್ನು ಕಡಿಯುತ್ತದೆ, ಬಿಸಿ ಇಸ್ತ್ರಿ ಕೂದಲನ್ನು ನೇರವಾಗಿ ಹಿಡಿಯುತ್ತದೆ, ಆಮೇಲೆ ಹಚ್ಚುವ ನ್ಯೂಟ್ರಲೈಸರಿನ ಹೈಡ್ರೋಜನ್ ಪೆರಾಕ್ಸೈಡ್ ಆ ಬಂಧಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತದೆ. ಕಡಿದ ಬಂಧಗಳೆಲ್ಲ ಮತ್ತೆ ಕೂಡುವುದಿಲ್ಲವಾದ್ದರಿಂದ ಆ ಕೂದಲು ಶಾಶ್ವತವಾಗಿ ಸ್ವಲ್ಪ ದುರ್ಬಲ. ಶಾಶ್ವತ ಬಣ್ಣದಲ್ಲಿ ಅಮೋನಿಯಾ ಅಥವಾ ಅದರ ಬದಲಿ ಕ್ಷಾರವೊಂದು ಹೊರಪೊರೆಯನ್ನು ಉಬ್ಬಿಸಿ ಬಣ್ಣವನ್ನು ಒಳಗೆ ಬಿಡುತ್ತದೆ; ‘ಅಮೋನಿಯಾ ಇಲ್ಲ’ ಎಂಬ ಡಬ್ಬಿಗಳಲ್ಲಿ ಬಹುಮಟ್ಟಿಗೆ ಮಾನೋಇಥನಾಲಮೀನ್ ಇರುತ್ತದೆ, ಅದಕ್ಕೆ ವಾಸನೆ ಕಡಿಮೆ ಎಂಬುದನ್ನೇ ಹಾನಿಯೂ ಕಡಿಮೆ ಎಂದು ಓದಿಕೊಳ್ಳಬಾರದು. ಹೈಲೈಟ್ಸ್‌ಗಾಗಿ ಮಾಡುವ ಬ್ಲೀಚ್ ಇವೆಲ್ಲಕ್ಕಿಂತ ಕಠಿಣವಾದುದು. ನಮ್ಮ ಕಪ್ಪು ಕೂದಲನ್ನು ಜೇನಿನ ಬಣ್ಣಕ್ಕೆ ತರಲು ಮೂಲ ವರ್ಣವನ್ನು ಸುಟ್ಟು ತೆಗೆಯಬೇಕಾಗುತ್ತದೆ, ಅದರೊಂದಿಗೆ ಹೊರಪೊರೆಯ ಮೇಲಿನ ಸಹಜ ಜಿಡ್ಡಿನ ಲೇಪವೂ ಹೋಗುತ್ತದೆ.

ಕೆರಾಟಿನ್ ಎಂಬ ಹೆಸರು ಕೇಳಿ ಅದು ಪೋಷಣೆ ಎಂದುಕೊಳ್ಳುವವರು ಬಹಳ ಮಂದಿ. ಅಲ್ಲಿ ನಿಜವಾಗಿ ಕೂದಲನ್ನು ನೇರವಾಗಿ ನಿಲ್ಲಿಸುವುದು ಫಾರ್ಮಾಲ್ಡಿಹೈಡ್ ಬಿಡುವ ದ್ರಾವಣ ಅಥವಾ ಗ್ಲೈಆಕ್ಸಿಲಿಕ್ ಆಮ್ಲ, ಜೊತೆಗೆ 200 ಡಿಗ್ರಿ ಸೆಲ್ಸಿಯಸ್ ಮೀರಿದ ಇಸ್ತ್ರಿಯ ಕಾವು. ಪರಿಣಾಮ ಮೂರು-ನಾಲ್ಕು ತಿಂಗಳಲ್ಲಿ ತೊಳೆದು ಹೋಗುತ್ತದೆ. ರೀಬಾಂಡಿಂಗ್‌ಗೆ ಹೋಲಿಸಿದರೆ ಕೂದಲ ರಚನೆಗೆ ಇದು ಸೌಮ್ಯವೇ ಸರಿ, ಆದರೆ ಮೈಗೆ ಸೌಮ್ಯವೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಉತ್ಪನ್ನಗಳನ್ನು ಹಚ್ಚಿಸಿಕೊಂಡ ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ಈಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಾಗಿಲು ಮುಚ್ಚಿ ಏಸಿ ಹಾಕಿದ ಸಣ್ಣ ಪಾರ್ಲರಿನಲ್ಲಿ ಕಣ್ಣುರಿ ಶುರುವಾದರೆ ಎದ್ದು ಹೊರಗೆ ಬರುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕತ್ತರಿಸುವುದೋ, ಕಾಯುವುದೋ, ಮತ್ತೆ ಮಾಡಿಸುವುದೋ

ಎಲ್ಲ ಆಯ್ಕೆಗಳಲ್ಲಿ ಇದೇ ದೊಡ್ಡದು. ಹೊಸದಾಗಿ ಹುಟ್ಟಿದ ಅಲೆಗೂದಲು ಹಳೆಯ ನೇರ ಕೂದಲನ್ನು ಕೂಡುವ ಗಡಿಯೇ ಇಡೀ ಎಳೆಯಲ್ಲಿ ಅತಿ ದುರ್ಬಲವಾದ ಜಾಗ. ನನ್ನ ಅನುಭವ ಇದಕ್ಕೆ ಸಾಕ್ಷಿ. ಮೊದಲ ರೀಬಾಂಡಿಂಗ್ ಆಗಿ ಎಂಟು ತಿಂಗಳಾದಾಗ ಸೋದರಸೊಸೆಯ ಮದುವೆ ಬಂತೆಂದು ಮನೆಯ ಹತ್ತಿರದ ಪಾರ್ಲರೊಂದರಲ್ಲಿ ಮತ್ತೆ ಮಾಡಿಸಿದೆ. ಹೊಸದಾಗಿ ಬೆಳೆದ ಹತ್ತು ಸೆಂಟಿಮೀಟರಿಗೆ ಮಾತ್ರ ಹಚ್ಚಬೇಕಿದ್ದ ಕ್ರೀಮನ್ನು ಆ ಹುಡುಗಿ ಬುಡದಿಂದ ತುದಿಯವರೆಗೆ ಎಳೆದಳು. ಕೇಳಿದ್ದಕ್ಕೆ ‘ಈಕ್ವಲ್ ಆಗಬೇಕಲ್ಲ ಆಂಟಿ’ ಎಂದಳು. ಮದುವೆಯ ದಿನ ಕೂದಲು ಕನ್ನಡಿಯಂತೆ ಹೊಳೆಯಿತು. ಮೂರನೆಯ ವಾರದಿಂದ ಕಿವಿಯ ಮಟ್ಟದಲ್ಲಿ ಮುರಿಯಲು ತೊಡಗಿ, ದೀಪಾವಳಿಯ ಅಭ್ಯಂಗದ ಹೊತ್ತಿಗೆ ಎಣ್ಣೆ ಹಚ್ಚಲು ಕೂತ ಅಮ್ಮ ‘ಜಡೆ ಎಲ್ಲಿ ಹೋಯಿತೇ?’ ಎಂದು ಕೇಳುವಂತಾಯಿತು.

ನಿಮ್ಮ ಕೂದಲು ಯಾವ ದಾರಿಗೆ ತಕ್ಕದ್ದು ಎಂಬುದನ್ನು ಒದ್ದೆ ಎಳೆಯೊಂದು ಹೇಳುತ್ತದೆ. ಸ್ನಾನದ ನಂತರ ಒಂದು ಎಳೆಯನ್ನು ಎರಡು ಕೈಗಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಕಾಯಬಹುದು. ಚ್ಯೂಯಿಂಗ್ ಗಮ್ಮಿನಂತೆ ಹಿಗ್ಗಿ ಹಾಗೆಯೇ ಜೋತುಬಿದ್ದರೆ, ಅಥವಾ ಎಳೆಯುತ್ತಿದ್ದಂತೆಯೇ ತುಂಡಾದರೆ, ಅಷ್ಟು ಭಾಗವನ್ನು ಕತ್ತರಿಸುವುದೇ ಮಿತವ್ಯಯದ ದಾರಿ, ಏಕೆಂದರೆ ಸಾವಿರಗಟ್ಟಲೆ ಬೆಲೆಯ ಯಾವ ಸೀಸೆಯೂ ಅದನ್ನು ಹಳೆಯ ಸ್ಥಿತಿಗೆ ತರಲಾರದು. ರೀಬಾಂಡಿಂಗ್ ಆದ ಕೂದಲಿನ ಮೇಲೆ ಬ್ಲೀಚ್ ಮಾಡಿಸಿಕೊಂಡವರಿಗೆ ನಾನು ಯೋಚಿಸದೆ ಕತ್ತರಿಯನ್ನೇ ಸೂಚಿಸುತ್ತೇನೆ. ಬರೀ ಕೆರಾಟಿನ್ ಮಾಡಿಸಿಕೊಂಡವರು ಕತ್ತರಿಸುವ ಅಗತ್ಯವಿಲ್ಲ, ಅದು ಹೋಗುವವರೆಗೆ ಸಹನೆಯಿದ್ದರೆ ಸಾಕು.

ನಡುವಿನ ಸ್ಥಿತಿಯಲ್ಲಿರುವವರು, ಅಂದರೆ ಹೆಚ್ಚಿನ ಓದುಗರು, ಸ್ವಲ್ಪಸ್ವಲ್ಪವೇ ಕತ್ತರಿಸುತ್ತ ಹೋಗುವ ದಾರಿ ಹಿಡಿಯಬಹುದು. ಇಲ್ಲೊಂದು ಗಣಿತವಿದೆ. ಹತ್ತು ವಾರಗಳಲ್ಲಿ ಬೆಳೆಯುವುದು ಎರಡೂವರೆ ಸೆಂಟಿಮೀಟರಿಗೆ ಆಚೀಚೆ. ಪಾರ್ಲರಿನವರು ‘ಟ್ರಿಮ್’ ಎಂದು ಅಷ್ಟನ್ನೂ ತೆಗೆದರೆ ಉದ್ದ ನಿಂತಲ್ಲೇ ನಿಲ್ಲುತ್ತದೆ, ಒಂದು ಸೆಂಟಿಮೀಟರ್ ತೆಗೆಸಿದರೆ ಉದ್ದವೂ ಕೂಡುತ್ತದೆ, ಸೀಳು ಮೇಲಕ್ಕೆ ಹತ್ತುವುದೂ ನಿಲ್ಲುತ್ತದೆ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ, ಕತ್ತರಿಯ ಸುದ್ದಿ ಬೇರಿಗೆ ಮುಟ್ಟುವುದಿಲ್ಲ. ಈ ತಿಂಗಳುಗಳಲ್ಲಿ ಗಡಿಯ ಭಾಗವನ್ನು ಕಾಪಾಡುವುದೇ ಮುಖ್ಯ ಕೆಲಸ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ ಮೇಲಕ್ಕೆ ಬರಬೇಕು, ಒದ್ದೆ ಕೂದಲಿಗೆ ಇಸ್ತ್ರಿ ಹಿಡಿಯಲೇಬಾರದು (ಒಳಗಿನ ನೀರು ಕುದಿದು ಎಳೆಯೊಳಗೆ ಗುಳ್ಳೆಗಳೇಳುತ್ತವೆ). ಲೋಕಲ್ ರೈಲಿನ ಬಾಗಿಲಲ್ಲಿ ಗಾಳಿಗೆ ಕೂದಲು ಬಿಟ್ಟು ನಿಲ್ಲುವುದಕ್ಕಿಂತ ಸಡಿಲವಾದ ಜಡೆ ಒಳ್ಳೆಯದು. ದಿನವೂ ಬಿಗಿಯಾಗಿ ಎಳೆದು ಕಟ್ಟುವ ತುರುಬು ಮಾತ್ರ ಹಣೆಯ ಅಂಚಿನ ಬೇರುಗಳನ್ನೇ ಕ್ರಮೇಣ ಕೊಲ್ಲುತ್ತದೆ.

ಮತ್ತೆ ಮಾಡಿಸಲೇಬೇಕೆನ್ನುವವರು ಹೊಸ ಬೆಳವಣಿಗೆಗೆ ಮಾತ್ರ ಹಚ್ಚುವುದಾಗಿ ಮೊದಲೇ ಒಪ್ಪಿಸಿಕೊಳ್ಳಬೇಕು, ಹಳೆಯ ಭಾಗಕ್ಕೆ ಕಂಡಿಷನರ್ ಸವರಿ ರಕ್ಷಿಸುವಂತೆ ಹೇಳಬೇಕು. ‘ಆಂಟಿ’ ಎಂದು ಕರೆದವರಿಗೆ ಇಷ್ಟು ಹೇಳುವ ಹಕ್ಕು ನಮಗಿದೆ.

ಸೀಗೆಯೋ ಶಾಂಪೂವೋ ಎಂಬುದಕ್ಕಿಂತ ಮೊದಲು ನೀರು

ಮುಂಬಯಿ ಮಹಾನಗರಪಾಲಿಕೆಯ ನಲ್ಲಿಯಲ್ಲಿ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಲ್ಲಿ ನಿಂತ ಮಳೆಯ ನೀರು, ಆದ್ದರಿಂದ ಅದು ಮೆದು. ಟ್ಯಾಂಕರಿಗೂ ಬೋರ್‌ವೆಲ್ಲಿಗೂ ಜೋತುಬಿದ್ದಿರುವ ಹೊಸ ಕಟ್ಟಡಗಳ ಮಾತು ಬೇರೆ, ಅದು ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಾಗಲಿ, ಪುಣೆಯ ಹಿಂಜವಡಿ-ವಾಕಡ್‌ಗಳಲ್ಲಾಗಲಿ. ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ, ಸಾಬೂನು ನೊರೆ ಬಿಡದಿದ್ದರೆ ನಿಮ್ಮ ನೀರು ಗಡಸು. ರಾಸಾಯನಿಕ ತಗುಲಿದ ಕೂದಲಿನ ಹೊರಪೊರೆ ತೆರೆದಿರುವುದರಿಂದ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೆಚ್ಚಾಗಿ ಹಿಡಿದುಕೊಂಡು ತೆಂಗಿನ ನಾರಿನಂತೆ ಒರಟಾಗುತ್ತದೆ. ಅಂಥವರು ಎರಡು-ಮೂರು ವಾರಕ್ಕೊಮ್ಮೆ ಇಡಿಟಿಎ ಇರುವ, ಲವಣ ತೆಗೆಯುವ ಶಾಂಪೂವನ್ನು ಬಳಸಬಹುದು. ಕುಡಿಯುವ ನೀರಿನ ಎರಡು ಚೊಂಬನ್ನು ಕೊನೆಯ ಬಾರಿ ಸುರಿದುಕೊಂಡರೂ ವ್ಯತ್ಯಾಸ ಕಾಣುತ್ತದೆ.

ಸೀಗೆಕಾಯಿಯ ಪರವಾಗಿ ಮಾತನಾಡುವವರ ಮಾತಿನಲ್ಲಿ ಸತ್ಯವಿದೆ. ಅದರ ನೊರೆ ಸೋಪಿನಂತೆ ಕ್ಷಾರವಲ್ಲ, ಹುಳಿಯ ಕಡೆಗಿದೆ. ಕ್ಷಾರವು ಎಳೆಗಳ ನಡುವಿನ ಉಜ್ಜಾಟವನ್ನು ಹೆಚ್ಚಿಸುತ್ತದೆಂಬುದನ್ನು ನೆನೆದರೆ ಇದು ಸಣ್ಣ ಗುಣವಲ್ಲ. ಆದರೆ ಮಾಟುಂಗಾದ ಅಂಗಡಿಯಿಂದ ತಂದ ಪುಡಿಯನ್ನು ಕಲಸಿ ಹಾಗೆಯೇ ತಿಕ್ಕಿದರೆ ಅದರ ತರಿ ಹೊರಪೊರೆಯನ್ನು ಕೆರೆಯುತ್ತದೆ, ಸಿಕ್ಕುಗಳಲ್ಲಿ ಉಳಿದುಕೊಳ್ಳುತ್ತದೆ. ಕಾಯಿಯನ್ನು ರಾತ್ರಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸುವುದಾದರೆ ಬಣ್ಣ ಹಾಕಿಸಿಕೊಳ್ಳದ, ರೀಬಾಂಡಿಂಗ್ ಹಳೆಯದಾದ ಕೂದಲಿಗೆ ಅದನ್ನು ನಾನು ಒಪ್ಪುತ್ತೇನೆ. ದಾಸವಾಳದ ಎಲೆಯ ಲೋಳೆಯೂ ಸೋಸಿದ್ದಾದರೆ ಸಿಕ್ಕು ಬಿಡಿಸಲು ಒಳ್ಳೆಯ ಸಹಾಯ. ಹೊಸ ಬಣ್ಣ, ಹೈಲೈಟ್ಸ್ ಇರುವವರಿಗೆ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ಕ್ಕೆ ಮೀರದ, ಕೋಕಾಮಿಡೋಪ್ರೊಪೈಲ್ ಬೀಟೈನ್‌ನಂಥ ಸೌಮ್ಯ ನೊರೆಕಾರಕವಿರುವ ಶಾಂಪೂ ಹೆಚ್ಚು ಸುರಕ್ಷಿತ. ಸಲ್ಫೇಟ್ ಎಂಬ ಕಟುವಾದ ನೊರೆಕಾರಕ ಇರುವ ಶಾಂಪೂವನ್ನು ಪಾಪವೆಂಬಂತೆ ಕಾಣಬೇಕಿಲ್ಲ. ತಲೆ ತುಂಬ ಎಣ್ಣೆ ಹಚ್ಚಿದ ದಿನ ಅದನ್ನು ತೆಳುಮಾಡಿ ಬಳಸಿದರೆ ನಾಲ್ಕು ಬಾರಿ ತೊಳೆಯುವುದು ತಪ್ಪುತ್ತದೆ. ಮುಂಬಯಿಯ ಬೆವರಿನಲ್ಲಿ ವಾರಕ್ಕೊಮ್ಮೆ ತಲೆಸ್ನಾನ ಸಾಲದು. ವಾರಕ್ಕೆ ಎರಡು-ಮೂರು ಬಾರಿ ನೆತ್ತಿಗೆ ಮಾತ್ರ ಶಾಂಪೂ ಹಚ್ಚಿ, ಇಳಿದುಬರುವ ನೊರೆಯಿಂದಲೇ ಉದ್ದವನ್ನು ತೊಳೆದುಕೊಳ್ಳುವುದು ಸರಿಯಾದ ಕ್ರಮ. ಕಂಡಿಷನರ್ ಇದಕ್ಕೆ ತಿರುಗುಮುರುಗು: ಉದ್ದಕ್ಕೆ ಬೇಕು, ನೆತ್ತಿಗೆ ಬೇಡ.

ಎಣ್ಣೆಗಳ ಪಂಕ್ತಿ

ಎಣ್ಣೆಯ ವಿಷಯದಲ್ಲಿ ನಾನು ಅಮ್ಮನ ಪಕ್ಷ, ಆದರೆ ಅಮ್ಮನ ಕಾರಣಕ್ಕಾಗಿ ಅಲ್ಲ. ತೆಂಗಿನೆಣ್ಣೆ ಕೂದಲನ್ನು ಬೆಳೆಸುತ್ತದೆಂದು ಅವಳ ನಂಬಿಕೆ. ಅದು ನಿಜವಾಗಿ ಮಾಡುವುದು ಉಳಿಸುವ ಕೆಲಸ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ ಮೂರನ್ನೂ ಹೋಲಿಸಿ ನೋಡಿದಾಗ, ಹಾನಿಗೊಂಡ ಕೂದಲಿನಲ್ಲಿಯೂ ಹಾನಿಯಿಲ್ಲದ ಕೂದಲಿನಲ್ಲಿಯೂ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಆ ಕೆಲಸ ನಡೆದದ್ದು ನಮ್ಮ ಮುಂಬಯಿಯಲ್ಲೇ, ತೆಂಗಿನೆಣ್ಣೆ ಮಾರುವ ಮ್ಯಾರಿಕೋ ಕಂಪನಿಯ ಪ್ರಯೋಗಾಲಯದಲ್ಲಿ. ಆದ್ದರಿಂದ ಒಂದು ಚಿಟಿಕೆ ಸಂಶಯವನ್ನು ಇಟ್ಟುಕೊಂಡೇ ಓದಬೇಕು. ಆದರೂ ಕಾರಣ ಅರ್ಥವಾಗುವಂಥದು. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದುದು, ಕೂದಲೊಳಗೆ ನುಸುಳಬಲ್ಲದು. ಒಳಗೆ ಎಣ್ಣೆ ಇದ್ದರೆ ಸ್ನಾನದಲ್ಲಿ ಕೂದಲು ನೀರು ಕುಡಿದು ಉಬ್ಬುವುದು ಕಡಿಮೆಯಾಗುತ್ತದೆ. ಆದ್ದರಿಂದ ಇದನ್ನು ಹಚ್ಚಬೇಕಾದದ್ದು ಸ್ನಾನಕ್ಕೆ ಮೊದಲು, ಉದ್ದಕ್ಕೆ, ಒಂದೆರಡು ಗಂಟೆ ಅಥವಾ ಹಿಂದಿನ ರಾತ್ರಿ. ತಲೆಹೊಟ್ಟು ಇರುವವರು ನೆತ್ತಿಗೆ ಸುರಿದುಕೊಳ್ಳಬಾರದು, ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ‘ಲಾಕಡಿ ಘಾಣಾ’ ಎಂಬ ಬೋರ್ಡಿನ ಅಂಗಡಿಗಳಲ್ಲಿ ಮರದ ಗಾಣದ ಎಣ್ಣೆಗೆ ಎರಡು ಪಟ್ಟು ಕೊಡುವುದು ಅಡುಗೆಗೆ ರುಚಿ ತರಬಹುದು. ತಲೆಗೆ ಸಾಮಾನ್ಯ ಡಬ್ಬದ್ದೂ ನಡೆಯುತ್ತದೆ.

ಹರಳೆಣ್ಣೆ ಗಟ್ಟಿ, ಸಿಕ್ಕು ತರುತ್ತದೆ, ದುರ್ಬಲ ಕೂದಲಿಗೆ ನಾನು ಕೊಡೆನು. ಬಾದಾಮಿ ಎಣ್ಣೆ ಹೊಳಪಿಗೆ ಚೆನ್ನ, ಅಷ್ಟೇ. ಸೀರಮ್ಮನ್ನು ಎಣ್ಣೆಯ ಎದುರಾಳಿಯಾಗಿ ನಿಲ್ಲಿಸುವುದೇ ತಪ್ಪು, ಏಕೆಂದರೆ ಅದರಲ್ಲಿರುವ ಸಿಲಿಕೋನ್ ಸ್ನಾನದ ನಂತರ ಹೊರಗೆ ಕವಚ ಹಾಕಿ ಉಜ್ಜಾಟವನ್ನೂ ಕಾವನ್ನೂ ತಡೆಯುತ್ತದೆ. ಸ್ನಾನದ ಮೊದಲು ಎಣ್ಣೆ, ನಂತರ ಎರಡು ಹನಿ ಸೀರಮ್ ಎಂಬುದು ನನ್ನ ಕ್ರಮ. ಮಳೆಗಾಲದಲ್ಲಿ ಗ್ಲಿಸರಿನ್ ಮುಂದಾಗಿರುವ ಲೇಪನಗಳನ್ನು ದೂರವಿಡಿ, ಅವು ಗಾಳಿಯ ತೇವವನ್ನು ಹೀರಿ ಕೂದಲನ್ನು ಇನ್ನಷ್ಟು ಕೆದರಿಸುತ್ತವೆ.

ಪ್ರೋಟೀನ್ ಮಾಸ್ಕ್, ಬಾಂಡ್ ರಿಪೇರಿ, ಹೇರ್ ಸ್ಪಾ

ಬಾಂಡ್ ರಿಪೇರಿ ಎಂದು ಮಾರುವವುಗಳಲ್ಲಿ ಬಿಸ್-ಅಮಿನೋಪ್ರೊಪೈಲ್ ಡೈಗ್ಲೈಕಾಲ್ ಡೈಮೇಲಿಯೇಟ್‌ನಂಥ ಅಣು ಬಂಧಗಳ ಜಾಗದಲ್ಲಿ ಕೆಲಸ ಮಾಡಲೆಂದು ರೂಪಿಸಲ್ಪಟ್ಟಿದೆ. ಬ್ಲೀಚ್ ಮಾಡಿಸಿಕೊಂಡವರು ಇದಕ್ಕೆ ಖರ್ಚು ಮಾಡಬಹುದು; ಬುಡದ ನರೆಗೆ ಮಾತ್ರ ಬಣ್ಣ ಹಚ್ಚುವವರಿಗೆ ಒಳ್ಳೆಯ ಕಂಡಿಷನರ್ ಸಾಕು. ಕತ್ತರಿಸುವ ತನಕ, ಎಳೆದರೆ ಜೋತುಬೀಳುವ ಕೂದಲಿಗೆ ಹೈಡ್ರೊಲೈಜ್ಡ್ (ಚಿಕ್ಕ ತುಣುಕುಗಳಾಗಿ ಒಡೆದ) ಪ್ರೋಟೀನ್ ಇರುವ ಮಾಸ್ಕ್ ತಿಂಗಳಿಗೆ ಒಂದೆರಡು ಬಾರಿ ಹಿತ, ಹುಲ್ಲಿನಂತೆ ಪಟಪಟನೆ ಮುರಿಯುವ ಕೂದಲಿಗೆ ಅದರ ಬದಲು ಮೆದುಗೊಳಿಸುವ ಕ್ರೀಮು ಬೇಕು. ಮೊಟ್ಟೆ ಹಚ್ಚುವವರು ಅದನ್ನು ತಿನ್ನುವುದು ಮೇಲು, ಅದರ ಪ್ರೋಟೀನಿನ ಅಣು ಕೂದಲೊಳಗೆ ಹೋಗಲಾರದಷ್ಟು ದೊಡ್ಡದು. ಪಾರ್ಲರಿನ ಸ್ಪಾದಲ್ಲಿ ಸಿಗುವುದು ಕ್ರೀಮು, ಹಬೆ, ಮತ್ತು ಅರ್ಧ ಗಂಟೆ ಯಾರೂ ಮಾತನಾಡಿಸದ ನೆಮ್ಮದಿ. ಮೊದಲ ಎರಡು ಮನೆಯಲ್ಲಿ ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲಿನಿಂದ ಸಿಗುತ್ತವೆ.

ಬುಡದಿಂದಲೇ ಉದುರುತ್ತಿದ್ದರೆ

ಬಿಳಿಗಂಟಿನ ಕೂದಲು ಮುಷ್ಟಿಗಟ್ಟಲೆ ಬರುತ್ತಿದ್ದರೆ ಮೊದಲು ಕ್ಯಾಲೆಂಡರನ್ನು ಹಿಂದಕ್ಕೆ ತಿರುಗಿಸಿ. ತೀವ್ರ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಉಪವಾಸದಂಥ ಆಹಾರಕ್ರಮ ಆದ ಎರಡು-ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುವುದುಂಟು. ಮುಂಬಯಿಯಲ್ಲಿ ಜುಲೈ-ಆಗಸ್ಟಿನ ಡೆಂಗಿ, ಮಲೇರಿಯಾಗಳು ಅಕ್ಟೋಬರ್-ನವೆಂಬರಿನಲ್ಲಿ ತಲೆಯ ಮೇಲೆ ಕಾಣಿಸಿಕೊಳ್ಳುತ್ತವೆ, ಬೈಗುಳ ಮಾತ್ರ ಮೇ ತಿಂಗಳ ರೀಬಾಂಡಿಂಗ್‌ಗೆ ಬೀಳುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಎಣ್ಣೆ ಬದಲಾಯಿಸುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಕಂಡರೆ ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಊಟದಲ್ಲಿ ಸೊಪ್ಪು, ಹುರುಳಿ, ಮೀನು ಇರಲಿ, ಮೇಲೆ ನಿಂಬೆ ಹಿಂಡಿಕೊಳ್ಳಿ. ಊಟದ ಬೆನ್ನಿಗೇ ಕುಡಿಯುವ ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಬಯೋಟಿನ್ ಮಾತ್ರೆ ಕೊರತೆ ಇದ್ದವರಿಗೆ ಮಾತ್ರ ಉಪಯುಕ್ತ, ಆ ಕೊರತೆಯೋ ಅಪರೂಪ. ಮೇಲಾಗಿ ಅದು ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಿಸುತ್ತದೆ. ರೋಸ್‌ಮೆರಿ ಎಣ್ಣೆಯ ಹೆಸರು ಹಬ್ಬಿದ್ದು 2015ರ ಒಂದು ಅಧ್ಯಯನದಿಂದ. ಅದರಲ್ಲಿ ಹೋಲಿಕೆ ನಡೆದದ್ದು ಕೂದಲು ಬೆಳೆಯಲೆಂದು ನೆತ್ತಿಗೆ ಹಚ್ಚುವ ಔಷಧವಾದ ಶೇ. 2ರ ಮಿನಾಕ್ಸಿಡಿಲ್ ಜೊತೆಗೆ, ಆನುವಂಶಿಕ ಬೋಳುತನದವರಲ್ಲಿ, ಆರು ತಿಂಗಳ ಕಾಲ. ಅದನ್ನು ಮುರಿಯುವ ಕೂದಲಿಗೆ ಅನ್ವಯಿಸುವಂತಿಲ್ಲ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಮಿನಾಕ್ಸಿಡಿಲ್ ನಿಜವಾದ ಆಯ್ಕೆ, ಆದರೆ ಚರ್ಮವೈದ್ಯರ ಸಲಹೆಯ ಮೇಲೆ, ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದೆಂದೂ ನಿಲ್ಲಿಸಿದರೆ ಲಾಭ ಹೋಗುತ್ತದೆಂದೂ ತಿಳಿದುಕೊಂಡು. ಬಸಿರಿನಲ್ಲಿ, ಹಾಲೂಡಿಸುವಾಗ ಅದು ಬೇಡ. ರಾಸಾಯನಿಕ ಹಚ್ಚಿದ ದಿನವೇ ನೆತ್ತಿಯಲ್ಲಿ ಗುಳ್ಳೆ, ಸುಟ್ಟ ಗಾಯ ಆಗಿದ್ದರೆ ಕಾಯದೆ ವೈದ್ಯರಿಗೆ ತೋರಿಸಬೇಕು, ಬೇರು ಸತ್ತ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ.

ಮುಂದಿನ ಬಣ್ಣಕ್ಕೆ ಮದರಂಗಿಯೋ ಡಬ್ಬಿಯೋ

ನರೆ ಕಾಯುವುದಿಲ್ಲವಾದ್ದರಿಂದ ಈ ಪ್ರಶ್ನೆ ಆರು ವಾರಕ್ಕೊಮ್ಮೆ ಬರುತ್ತದೆ. ಶುದ್ಧ ಮದರಂಗಿಯ ಲಾಸೋನ್ ಎಂಬ ವರ್ಣ ಕೂದಲಿನ ಪ್ರೋಟೀನಿಗೆ ಅಂಟಿಕೊಂಡು ಎಳೆಯನ್ನು ದಪ್ಪಗೊಳಿಸುತ್ತದೆ, ಬಂಧಗಳನ್ನು ಕಡಿಯುವುದಿಲ್ಲ. ಉದ್ದ ಉಳಿಸಿಕೊಳ್ಳಬೇಕೆಂಬವರಿಗೆ ನನ್ನ ಮೊದಲ ಆಯ್ಕೆ ಅದೇ. ಅದರ ದೋಷಗಳು ಎರಡು. ನರೆ ಕಿತ್ತಳೆಗೆಂಪಾಗುತ್ತದೆ, ಪದೇಪದೇ ಉದ್ದಕ್ಕೆಲ್ಲ ಹಚ್ಚಿದರೆ ಕೂದಲು ಒಣಗುತ್ತದೆ. ಕಪ್ಪು ಬೇಕೆಂದರೆ ನೀಲಿಸೊಪ್ಪಿನ ಪುಡಿಯನ್ನು ಎರಡನೆಯ ಹಂತದಲ್ಲಿ ಹಚ್ಚಬಹುದು. ಆದರೆ ‘ಕಪ್ಪು ಮೆಹೆಂದಿ’ ಎಂದು ಮಾರುವ ಪುಡಿಯಲ್ಲಿ ಬಹಳ ಸಲ ಪಿಪಿಡಿ ಎಂಬ ರಾಸಾಯನಿಕ ಬಣ್ಣವೇ ಇರುತ್ತದೆ, ಕೆಲವು ಮಿಶ್ರಣಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥದನ್ನು ಹಚ್ಚಿಕೊಂಡ ಮೇಲೆ ಪಾರ್ಲರಿನಲ್ಲಿ ಪೆರಾಕ್ಸೈಡ್ ತಗುಲಿದರೆ ಕೂದಲು ಬಿಸಿಯೇರಿ ಹಾಳಾಗುವುದುಂಟು. ಆದ್ದರಿಂದ ಪೊಟ್ಟಣದ ಹಿಂಬದಿಯನ್ನು ಓದಿ, ಮದರಂಗಿ ಹಚ್ಚಿದ್ದನ್ನು ಪಾರ್ಲರಿನವರಿಗೆ ತಪ್ಪದೆ ಹೇಳಿ. ಡಬ್ಬಿಯ ಬಣ್ಣವನ್ನೇ ಆರಿಸುವವರು ಬುಡದಲ್ಲಿ ಹೊಸದಾಗಿ ಬೆಳೆದ ಭಾಗಕ್ಕೆ ಮಾತ್ರ ಹಚ್ಚಬೇಕು. ಹಿಂದೆ ಹತ್ತು ಬಾರಿ ಹಚ್ಚಿ ಏನೂ ಆಗದಿದ್ದರೂ ಪಿಪಿಡಿಯ ಅಲರ್ಜಿ ಹನ್ನೊಂದನೆಯ ಬಾರಿ ಹುಟ್ಟಬಹುದು. ಹಾಗಾಗಿ ಪ್ರತಿಸಲವೂ 48 ಗಂಟೆ ಮೊದಲೇ ಕಿವಿಯ ಹಿಂದೆ ಬಟಾಣಿಯಷ್ಟು ಹಚ್ಚಿ ನೋಡಿ. ಭಾನುವಾರ ಬಣ್ಣ ಹಚ್ಚುವವರು ಶುಕ್ರವಾರ ಬೆಳಿಗ್ಗೆಯೇ ಹಚ್ಚಿಕೊಂಡು ಕೆಲಸಕ್ಕೆ ಹೋದರೆ ಎರಡು ದಿನ ಸರಿಯಾಗಿ ಕೂಡಿಬರುತ್ತದೆ.